ಅಪ್ಪನಿಗೆಂದು ಬರೆದ ವಹಿ

ಕುಸುಬಿ ಎಣ್ಣೆಯಲ್ಲಿ ಜೇನುಮೇಣ ಕರಗುವ ವಾಸನೆ ಎಲ್ಲಿಂದಲಾದರೂ ಬಂದರೆ ನನಗೆ ಇವತ್ತಿಗೂ ಅದು ಶನಿವಾರ ಸಂಜೆ. ನಾನು ಏಳೆಂಟು ವರ್ಷದವಳಿದ್ದಾಗ, ಖಾನಾಪುರದ ನಮ್ಮ ಮನೆಯ ಬಚ್ಚಲ ಒಲೆಯ ಮುಂದೆ ಅಪ್ಪ ಕುಕ್ಕರಗಾಲಲ್ಲಿ ಕೂತು, ಆ ಬಿಸಿ ಮೇಣವನ್ನು ಹಳೆಯ ಧೋತರದ ಚಿಂದಿಗೆ ಹಚ್ಚಿಕೊಂಡು, ಕಾಲ್ಚೆಂಡಿನ ಒಂದೊಂದು ಹೊಲಿಗೆಗೂ ತಿಕ್ಕುತ್ತಿದ್ದ. ಚರ್ಮದ ಚೆಂಡು ಅಡುಗೆಮನೆಯ ಹೊಸ್ತಿಲು ದಾಟಕೂಡದೆಂದು ಅಜ್ಜಿಯ ಕಟ್ಟಪ್ಪಣೆ. ಬಚ್ಚಲಿನವರೆಗೆ ಅವಳದೇನೂ ತಕರಾರಿರಲಿಲ್ಲ.

"ಹೊಲಿಗಿ ನೀರು ಕುಡೀಬಾರದವಾ," ಎನ್ನುತ್ತಿದ್ದ ಅಪ್ಪ. "ನೀರು ಕುಡಿದ ಚೆಂಡು ಕಲ್ಲಾಗ್ತೈತಿ. ಆಡೋ ಹುಡುಗರ ಹಣಿ ಒಡೀತೈತಿ."

ಅಪ್ಪ ಬಸಲಿಂಗಪ್ಪ ಊರ ಹೊರಗಿನ ಗಿಳಿ ಮಾರ್ಕಿನ ಹೆಂಚಿನ ಕಾರ್ಖಾನೆಯಲ್ಲಿ ಉಗ್ರಾಣದ ಕಾರಕೂನ. ಕಾರ್ಖಾನೆಗೆ ಒಂದು ಫುಟ್‌ಬಾಲ್ ತಂಡವಿತ್ತು, ಅದರ ಚೆಂಡುಗಳ ಜವಾಬ್ದಾರಿಯೂ ಅಪ್ಪನದೇ. ಹೊತ್ತು ಕಳೆಯಲು ಆಡುವ ತಂಡವಲ್ಲ. ಆಟಕ್ಕೆಂದೇ ಪಗಾರ ಕೊಟ್ಟು ಇಟ್ಟುಕೊಂಡ ಹದಿನಾರು ಮಂದಿ. ಬೆಳಿಗ್ಗೆ ಹಸಿ ಹೆಂಚಿಗೆ ಗಿಳಿಯ ಮುದ್ರೆ ಒತ್ತುವುದು, ಒಡಕು ಹೆಂಚು ಆರಿಸುವುದು ಇಂಥ ಹಗುರ ಕೆಲಸ ಅವರಿಗೆ. ಮಧ್ಯಾಹ್ನ ಒಂದಕ್ಕೆ ಭೋಂಗಾ ಕೂಗಿದೊಡನೆ ಮೈದಾನ. ತಂಡದಿಂದ ಹೊರಬಿದ್ದವನಿಗೆ ಈ ಹಗುರ ಕೆಲಸವೂ ತಪ್ಪಿ ಒಲೆಗೆ ಹೋಗಬೇಕಾಗುತ್ತಿತ್ತು. ಒಲೆಯೆಂದರೆ ಹೆಂಚು ಸುಡುವ ದೊಡ್ಡ ಭಟ್ಟಿ. ಮಳೆಗಾಲದಲ್ಲೂ ಅದು ಆರುತ್ತಿರಲಿಲ್ಲ, ಹಸಿ ಹೆಂಚು ಒಣಗಿಸುವ ಅಟ್ಟಗಳು ಅದರ ಮೇಲೆಯೇ ಇದ್ದವು. ಆ ಬಾಯಿಗೆ ಕಟ್ಟಿಗೆ ತುರುಕುವ ಗಂಡಸರು ನಲವತ್ತು ತುಂಬುವುದರೊಳಗೆ ಕೆಮ್ಮಲು ಶುರುಮಾಡುತ್ತಿದ್ದರು.

ನಾನು ಬೆಳಗಾವಿಯಲ್ಲಿ ಬಿ.ಎ. ಓದಿ ಬಂದು ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ಎಲ್ಲರೂ 'ಅಕ್ಕೋರ' ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ, ಅದು ಬೇರೆ ಮಾತು. ಎಪ್ಪತ್ತಮೂರರಲ್ಲಿ ಅಪ್ಪನ ಕಣ್ಣು ಮಂಜಾಗತೊಡಗಿ ಎಪ್ಪತ್ತೈದರ ಹೊತ್ತಿಗೆ ಪೂರ್ತಿ ಹೋದವು. ಅಲ್ಲಿಂದ ಮುಂದೆ ಪ್ರತಿ ರವಿವಾರ ಅಪ್ಪನ ಬದಲು ನಾನು ಲೋಂಡಾ ಕಡೆಯಿಂದ ಬರುವ ಪ್ಯಾಸೆಂಜರ್ ಹತ್ತಿ ಬೆಳಗಾವಿಗೆ ಲೀಗ್ ಪಂದ್ಯ ನೋಡಲು ಹೋಗುವುದು ರೂಢಿಯಾಯಿತು. ಸಂಜೆ ಮನೆಗೆ ಬಂದು ಗೋಲು ಎಷ್ಟೆಂದು ಹೇಳಿದರೆ ಅವನಿಗೆ ಸಾಲುತ್ತಿರಲಿಲ್ಲ.

"ಗೋಲು ನಾಳೆ ಪೇಪರಿನ್ಯಾಗ ಬರ್ತಾವ. ನೀ ನೋಡಿದ್ದು ಹೇಳು ಯವ್ವಾ. ಯಾರು ಹೆಂಗ ನಿಂತಿದ್ರು, ಯಾರ ಮಾರಿ ಹೆಂಗಿತ್ತು."

ಹಾಗಾಗಿ ನೀಲಿ ಹೊದಿಕೆಯ ಒಂದು ವಹಿ ತೆಗೆದುಕೊಂಡೆ. ಮಕ್ಕಳ ಲೆಕ್ಕದ ವಹಿಯಂಥದ್ದೇ. ಮೈದಾನದ ಅಂಚಿನಲ್ಲಿ ಕೂತು, ಕಣ್ಣಿಲ್ಲದವನಿಗೆ ಆಟ ಕಾಣುವಂತೆ ಬರೆಯುತ್ತಿದ್ದೆ. 'ಗೋಲ್‌ಕೀಪರ್ ಬಿದ್ದ ಹುಡುಗನ ಬೂಟಿನ ದಾರ ಕಟ್ಟಿಕೊಟ್ಟ.' 'ಸರದಾರಸಾಬ ಹಾಫ್ ಟೈಮಿನಲ್ಲಿ ತನ್ನ ಪಾಲಿನ ನಿಂಬೆಹೋಳನ್ನು ಎದುರು ಪಾರ್ಟಿಯ ಹುಡುಗನಿಗೆ ಕೊಟ್ಟ.' 'ಎರಡನೇ ಅರ್ಧದಲ್ಲಿ ಸರದಾರಸಾಬ ನಿಧಾನ, ಮೊಣಕಾಲ ಮೇಲೆ ಕೈಯೂರಿ ನಿಂತಿದ್ದಾನೆ, ಮುಖ ಬಿಳಿಚಿದೆ.' ರಾತ್ರಿ ಊಟಕ್ಕೆ ಮೊದಲು ಓದಿ ಹೇಳಿದರೆ ಅಪ್ಪ ಕಣ್ಣು ಮುಚ್ಚಿಕೊಂಡು ನೋಡುತ್ತಿದ್ದ. ಹೌದು, ನೋಡುತ್ತಲೇ ಇದ್ದ.

ಸರದಾರಸಾಬ ನಮ್ಮ ತಂಡದ ನಟ್ಟನಡುವಿನ ಆಟಗಾರ, ಸೆಂಟರ್ ಹಾಫ್. ಎತ್ತರದ ಆಳು, ಮಾತು ಕಡಿಮೆ. ಅವನ ಹೆಂಡತಿ ಬೀಬಿಜಾನ ಅದೇ ಕಾರ್ಖಾನೆಯಲ್ಲಿ ಹೆಂಚು ಹೊರುತ್ತಿದ್ದಳು.

ಎಡಬದಿಯ ಅಂಚಿನಲ್ಲಿ ಓಡುತ್ತಿದ್ದವನು ಬಾಳಪ್ಪ. ಅವನನ್ನು ಬೆಳೆಸಿದ್ದೇ ಅಪ್ಪ ಎನ್ನಬೇಕು. ತಂದೆಯಿಲ್ಲದ ಹುಡುಗ, ತಾಯಿ ಕಾರ್ಖಾನೆಯಲ್ಲಿ ಮಣ್ಣು ತುಳಿಯುತ್ತಿದ್ದಳು. ಶನಿವಾರ ಸಂಜೆ ನಮ್ಮ ಬಚ್ಚಲಿಗೆ ಬಂದು ಚೆಂಡಿಗೆ ಮೇಣ ತಿಕ್ಕಿ, ನಮ್ಮಲ್ಲೇ ರೊಟ್ಟಿ ಉಂಡು ಹೋಗುತ್ತಿದ್ದ. ನನ್ನನ್ನು 'ಕಾಂತಕ್ಕಾ' ಎನ್ನುತ್ತಿದ್ದ. ಬೆಳಗಾವಿಯ ಮೈದಾನದಲ್ಲಿ ಮಳೆ ಬಿದ್ದರೆ ನಡುಭಾಗವೆಲ್ಲ ಕೆಸರು, ಅಂಚಿನಲ್ಲಿ ಮಾತ್ರ ಹುಲ್ಲು ಉಳಿಯುತ್ತಿತ್ತು. "ಚೆಂಡ ಹುಲ್ಲಿನ ಮ್ಯಾಲಿಂದ ಒಯ್ಯಿ ಬಾಳ್ಯಾ," ಎಂದು ಅಪ್ಪ ಹೇಳಿಕೊಟ್ಟಿದ್ದ. ಹತ್ತು ವರ್ಷ ಅವನು ಆ ಹುಲ್ಲಿನ ಮೇಲಿಂದಲೇ ಚೆಂಡು ಒಯ್ದ. ಮಿಲಿಟರಿ ಕ್ಯಾಂಪಿನವರ ತಂಡ, ಮಚ್ಛೆಯ ಫೌಂಡ್ರಿ ತಂಡ, ಯಾರಿಗೂ ಅವನು ಸಿಗುತ್ತಿರಲಿಲ್ಲ.

ಎಂಬತ್ತರಲ್ಲಿ ಅವನೇ ಕೋಚ್ ಆದಾಗ ಮನೆಯಲ್ಲಿ ಹೋಳಿಗೆ ಮಾಡಿದ್ದೆ.

ಬಾಳಪ್ಪ ನಲವತ್ತು ದಿನದ ತರಬೇತಿ ಮುಗಿಸಿ, ಕೊರಳಿಗೊಂದು ಸೀಟಿ, ಕೈಯಲ್ಲೊಂದು ಹಲಗೆ ಹಿಡಿದುಕೊಂಡು ಬಂದ. ಹಲಗೆಯ ಮೇಲೆ ಸುಣ್ಣದಕಡ್ಡಿಯಿಂದ ಹನ್ನೊಂದು ಚುಕ್ಕೆ. ಅವುಗಳಲ್ಲಿ ಎಂಟು ಚುಕ್ಕೆ ನಮ್ಮದೇ ಗೋಲಿನ ಮುಂದೆ. ಚೆಂಡು ಸಿಕ್ಕರೆ ಎತ್ತರಕ್ಕೆ ಒದೆಯುವುದು, ಮುಂದೆ ನಿಂತ ಇಬ್ಬರು ಅದರ ಹಿಂದೆ ಕೆಸರಿನಲ್ಲಿ ಬೀಳುವುದು. ಅಂಚಿನ ಹುಲ್ಲಿನ ಮೇಲೆ ಈಗ ಯಾರೂ ಇರಲಿಲ್ಲ. ತಾನು ಓಡಿ ಹೆಸರು ಮಾಡಿದ ಹಾದಿಯನ್ನೇ ಅವನು ಮುಚ್ಚಿಹಾಕಿದ್ದು ಯಾಕೆಂದು ನನಗೆ ತಿಳಿಯಲಿಲ್ಲ. ಸೋಲುವ ಹೆದರಿಕೆ ಇರಬೇಕೆಂದುಕೊಂಡೆ. ಆದರೆ ಹೆದರಿ ಆಡಿದಷ್ಟೂ ಸೋತರು.

ನನ್ನ ಬಾಜು ಕೂರುತ್ತಿದ್ದವರು ಸಿದ್ದಪ್ಪ, ನಿವೃತ್ತ ರೈಲ್ವೆ ಸಿಗ್ನಲ್‌ನವರು. ಬಿಸಿಲಿರಲಿ ಮಳೆಯಿರಲಿ ಛತ್ರಿ ಬಿಚ್ಚುತ್ತಿರಲಿಲ್ಲ. ಅದು ಬೈಯಲು ತೋರಿಸುವ ಕೋಲು.

"ಏ ಬಾಳ್ಯಾ! ಎಂಟ ಮಂದೀನ ಗೋಲಿನ ಮುಂದ ನಿಂದ್ರಿಸಿ ಏನ್ ಲಗ್ನದ ಫೋಟೋ ತೆಗಸಾಕತ್ತೀ? ಮದುಮಗ ಯಾರೋ?"

ಆಚೆ ಬದಿಯಿಂದ ಫೌಂಡ್ರಿಯವರು ಕೂಗುತ್ತಿದ್ದರು, "ಗಿಳಿ ಪಂಜರದಾಗ ಕುಂತೈತಿ, ಕಾಳ ಹಾಕ್ರಿ!" ನಮ್ಮ ಹುಡುಗರ ಅಂಗಿ ಗಿಳಿಹಸಿರು. ಆ ನಗೆ ಮೈದಾನ ಸುತ್ತಿ ಬರುವಾಗ ನಾನು ವಹಿಯಲ್ಲಿ ತಲೆ ಹುದುಗಿಸುತ್ತಿದ್ದೆ.

"ಅಕ್ಕೋರ, ನೀವರ ಅವಗೊಂದ ಮಾತ ಹೇಳ್ರಿ. ನಿಮ್ಮ ಮನಿ ರೊಟ್ಟಿ ತಿಂದಾಂವ," ಎಂದರು ಸಿದ್ದಪ್ಪ.

"ಮುಂದಿನ ವರ್ಷ ಸುಧಾರಿಸ್ತಾನ ಬಿಡ್ರಿ," ಎಂದೆ. ಎಂಬತ್ತರಲ್ಲೂ ಹಾಗೆಂದಿದ್ದೆ. ಎಂಬತ್ತೊಂದರ ಜುಲೈನಲ್ಲೂ, ಮೂರು ಪಂದ್ಯ ಸಾಲಾಗಿ ಸೋತ ಮೇಲೂ, ಅದನ್ನೇ ಹೇಳಿದೆ.

ಆಗಸ್ಟ್ ಕೊನೆಗೆ ಒಂದು ಸಂಜೆ ಬಾಳಪ್ಪ ಮನೆಗೆ ಬಂದ. ಕೋಚ್ ಆದಮೇಲೆ ಬೆಳಗಾವಿಯ ಟಿಳಕವಾಡಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದ, ನಮ್ಮ ಕಡೆ ಬರುವುದು ಅಪರೂಪವಾಗಿತ್ತು. ಅಪ್ಪನ ಕಾಲು ಮುಟ್ಟಿ ನಮಸ್ಕರಿಸಿ, ಕುರ್ಚಿ ಬಿಟ್ಟು ಹೊಸ್ತಿಲ ಬಳಿ ಕೂತ, ಚಿಕ್ಕಂದಿನಂತೆ.

"ಕಾಂತಕ್ಕಾ, ನಿನ್ನ ವಹಿ ಕೊಡ್ತಿಯೇನ? ಈ ವರ್ಷದ್ದು. ಹುಡುಗರು ಎಲ್ಲೆ ತಪ್ಪಾಕತ್ತಾರ ಅಂತ ನೋಡಬೇಕು. ನಂಗ ಮೈದಾನದಾಗ ನಿಂತ್ರ ಕಾಣಂಗಿಲ್ಲ, ನಿಂಗ ಕಾಣತೈತಿ."

ಆ ಮಾತು ನನಗೆ ಎಷ್ಟು ಹಿತವಾಯಿತೆಂದು ಈಗ ಹೇಳಲು ನಾಚಿಕೆ. ಎರಡು ವರ್ಷ ನಾನು ಒಳಗೊಳಗೇ ಕುದಿಯುತ್ತಿದ್ದದ್ದು, ಹುಲ್ಲಿನ ಅಂಚು, ಎತ್ತರದ ಒದೆತ, ಎಂಟು ಚುಕ್ಕೆ, ಎಲ್ಲವನ್ನೂ ಅವನು ಕೊನೆಗೂ ಕೇಳಿದ ಎಂದುಕೊಂಡೆ. ವಹಿಗೆ ಹೊಸ ಹೊದಿಕೆ ಹಾಕಿ ಕೊಟ್ಟೆ. ಹೋಗುವಾಗ ಬುತ್ತಿ ಕಟ್ಟಿಕೊಟ್ಟೆ. ಅಪ್ಪ ಮಾತ್ರ ಬಾಳಪ್ಪನ ಹೆಜ್ಜೆ ಸಪ್ಪಳ ಬೀದಿ ದಾಟುವವರೆಗೂ ಕಿವಿಗೊಟ್ಟು ಕೂತಿದ್ದ.

ಲೀಗಿನ ಕಡೆಯ ಪಂದ್ಯ ಸೆಪ್ಟೆಂಬರ್ ಹದಿಮೂರಕ್ಕೆ. ಫೌಂಡ್ರಿಯವರ ಮೇಲೆ ಗೆದ್ದರೆ ಉಳಿವು. ಸೋತರೆ ನಮ್ಮ ತಂಡ ಮೇಲಿನ ವಿಭಾಗದಿಂದ ಕೆಳಕ್ಕೆ. ಖಾನಾಪುರ ಸ್ಟೇಷನ್ನಿನಲ್ಲಿ ಸಿದ್ದಪ್ಪ ನನ್ನನ್ನು ಕಂಡವರೇ ಎಂದಿನಂತೆ ಎದ್ದು ಜಾಗ ಬಿಡಲಿಲ್ಲ. ಛತ್ರಿಯ ತುದಿಯಿಂದ ಪ್ಲಾಟ್‌ಫಾರ್ಮ್ ಕೆದಕುತ್ತ ನಿಂತಿದ್ದರು.

"ಏನಾತ್ರಿ?"

"ಕಾರ್ಖಾನಿ ಗೇಟಿಗೆ ನೋಟೀಸ್ ಅಂಟಿಸ್ಯಾರ. ಸರದಾರಸಾಬನ್ನ, ಮತ್ತಿಬ್ಬರನ್ನ ತಂಡದಿಂದ ತೆಗದು ನಾಳಿಂದ ಒಲಿಗೆ ಹಾಕ್ಯಾರ." ನಂತರ ನನ್ನ ಮುಖ ನೋಡದೆ, "ಕಾರಣಾನೂ ಬರದಾರ್ರಿ. ತಾರೀಖು ಸಮೇತ."

ಕಾರ್ಖಾನೆ ಸ್ಟೇಷನ್ನಿನಿಂದ ದೂರವಿಲ್ಲ. ರೈಲು ಬರಲು ಇನ್ನೂ ಹೊತ್ತಿತ್ತು, ಹೋಗಿ ನೋಡಿದೆ. ಟೈಪ್ ಮಾಡಿದ ಹಾಳೆ. ನನ್ನ ವಾಕ್ಯಗಳು. 'ಜುಲೈ 12: ದ್ವಿತೀಯಾರ್ಧದಲ್ಲಿ ನಿಧಾನ. ಜುಲೈ 19: ಮೊಣಕಾಲ ಮೇಲೆ ಕೈಯೂರಿ ನಿಲ್ಲುವುದು. ಜುಲೈ 26: ಎದುರಾಳಿಯನ್ನು ಬೆನ್ನಟ್ಟದೆ ಬಿಡುವುದು.' ಕೊನೆಗೆ ಒಂದು ಸಾಲು: 'ವಿರಾಮದಲ್ಲಿ ಎದುರು ತಂಡದ ಆಟಗಾರರೊಡನೆ ಸಲಿಗೆ.'

ಆ ನಿಂಬೆಹೋಳು. ಅಪ್ಪನಿಗೆ ಓದಿ ಹೇಳಿದಾಗ ಅವನು ಮುಗುಳ್ನಕ್ಕಿದ್ದ ಸಾಲು ಅದು.

ಅಂದು ಮೈದಾನದಲ್ಲಿ ನಾನು ಒಂದಕ್ಷರ ಬರೆಯಲಿಲ್ಲ. ಬರೆಯಲು ವಹಿಯೂ ಇರಲಿಲ್ಲ. ಅದು ಬಾಳಪ್ಪನ ತೊಡೆಯ ಮೇಲಿತ್ತು, ನಾನು ಹಾಕಿಕೊಟ್ಟ ಹೊಸ ಹೊದಿಕೆ ದೂರಕ್ಕೂ ಕಾಣುತ್ತಿತ್ತು. ನಡುವಿನಲ್ಲಿ ಸರದಾರಸಾಬನ ಜಾಗಕ್ಕೆ ನಿಂತ ಹುಡುಗನಿಗೆ ಯಾವ ಕಡೆ ತಿರುಗಬೇಕೆಂದೇ ತಿಳಿಯುತ್ತಿರಲಿಲ್ಲ. ಅವನು ಪ್ರತಿ ಸಲ ಬಾಳಪ್ಪನ ಕಡೆ ನೋಡುವುದು, ಬಾಳಪ್ಪ ಸೀಟಿ ಊದಿ ಹಿಂದಕ್ಕೆ ಬಾ ಎಂದು ಕೈ ಮಾಡುವುದು. ಹಿಂದೆ, ಇನ್ನೂ ಹಿಂದೆ. ಫೌಂಡ್ರಿಯವರು ಮೂರೂ ಗೋಲನ್ನು ಅಂಚಿನ ಹುಲ್ಲಿನ ಮೇಲಿಂದಲೇ ಬಂದು ಹಾಕಿದರು. ನಮ್ಮ ಬಾಳಪ್ಪನ ಹಾದಿಯಲ್ಲೇ.

ಸಿದ್ದಪ್ಪ ಬೈಯಲಿಲ್ಲ. ಮೊದಲ ಸಲ ಛತ್ರಿ ಬಿಚ್ಚಿ ನನ್ನ ತಲೆಯ ಮೇಲೆ ಹಿಡಿದು ಸ್ಟೇಷನ್ನಿಗೆ ನಡೆಸಿಕೊಂಡು ಬಂದರು. ಮಳೆ ಏನೂ ಇರಲಿಲ್ಲ. ನಾನು ಅಳುವುದು ಯಾರಿಗೂ ಕಾಣಬಾರದೆಂದು.

ಮರುದಿನ ಶಾಲೆ ಬಿಟ್ಟು ಬರುವಾಗ ಬಾವಿಕಟ್ಟೆಯ ಹತ್ತಿರ ಬೀಬಿಜಾನ ಸಿಕ್ಕಳು. ಕೊಡ ಕೆಳಗಿಟ್ಟಳು. ಜಗಳ ತೆಗೆಯುತ್ತಾಳೆ ಎಂದುಕೊಂಡೆ, ತೆಗೆದಿದ್ದರೆ ಚೆನ್ನಾಗಿತ್ತು.

"ಅಕ್ಕೋರ, ಒಂದ ಮಾತ ಕೇಳಲಿ? ಆ ತಾರೀಖು ನೀವೇ ಬರದಿದ್ರಂತ, ಹೌದ್ರಿ?"

"ಹೌದವ್ವಾ. ಆದ್ರ ನಾ ಬರದದ್ದು..."

"ಜುಲೈದು ಮೂರೂ ತಾರೀಖು ರಮಜಾನದ್ದು ಐತ್ರಿ. ಅವ್ರು ರೋಜಾ ಇದ್ರು. ಮುಂಜಾನಿಂದ ಬಾಯಿಗೆ ಒಂದ ಹನಿ ನೀರ ಹಾಕಿದ್ದಿಲ್ಲ." ಅವಳ ದನಿ ಏರಲಿಲ್ಲ. "ನಿಂಬಿ ಹೋಳು ತಾವು ತಿನ್ನಾಕ ಬರಂಗಿಲ್ಲಂತ ಬಾಜುದವರಿಗೆ ಕೊಡ್ತಿದ್ರು. ಕೆಳಗ ಒಗೀಬಾರದು ನೋಡ್ರಿ."

"ಮತ್ತ ಯಾಕ ಹೇಳ್ಲಿಲ್ಲ ಯಾರಿಗೂ?"

"ಹೇಳಿದ್ರ, ಸೋತಾಗ ಮಂದಿ ರೋಜಾದ ಮ್ಯಾಲೆ ಹಾಕ್ತಾರ ಅಂತಿದ್ರು. ತಂಡದವರಿಗೆಲ್ಲಾ ಗೊತ್ತಿತ್ರಿ. ಕೂತ ನೋಡವರಿಗೆ ಯಾಕ ಹೇಳಬೇಕು?"

ಅವಳು ಕೊಡ ಎತ್ತಿಕೊಂಡು ಹೋದಳು. ಎರಡು ಹೆಜ್ಜೆ ಹೋಗಿ, ತಿರುಗಿ, ನನ್ನ ಸೀರೆಯ ನೆರಿಗೆಗೆ ಬಾವಿಕಟ್ಟೆಯ ಪಾಚಿ ಹತ್ತಿದೆಯೆಂದು ಹೇಳಿ ಹೋದಳು. ಅಂಥ ಹೊತ್ತಿನಲ್ಲೂ.

ಮನೆಗೆ ಬಂದವಳೇ ಪೆಟ್ಟಿಗೆಯಿಂದ ಹಳೆಯ ವಹಿಗಳನ್ನೆಲ್ಲ ತೆಗೆದು ನೆಲದ ಮೇಲೆ ಹರಡಿದೆ. ಎಪ್ಪತ್ತೇಳರಲ್ಲಿ 'ಸರದಾರಸಾಬ ನಿಧಾನ' ಎಂಬ ಸಾಲು ಆಗಸ್ಟ್ ಕೊನೆಗೆ ಮತ್ತು ಸೆಪ್ಟೆಂಬರಿನಲ್ಲಿ. ಎಪ್ಪತ್ತೆಂಟರಲ್ಲಿ ಆಗಸ್ಟ್ ನಡುವಿಗೆ. ಮರುವರ್ಷ ಆಗಸ್ಟ್ ಮೊದಲ ವಾರ. ಎಂಬತ್ತರಲ್ಲಿ ಜುಲೈ ಕೊನೆ. ವರ್ಷ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ ಬಂದಿತ್ತು, ಚಂದ್ರನ ಲೆಕ್ಕದಲ್ಲಿ. ಪ್ರತಿ ವರ್ಷ ಶಾಲೆಯಲ್ಲಿ ರಮಜಾನ್ ರಜೆಯ ಪಟ್ಟಿ ಬರೆಯುತ್ತಿದ್ದವಳು ನಾನೇ. ಪ್ರತಿ ವರ್ಷ ನಾನೇ ಬರೆದು ನಾನೇ ಓದಿದ್ದೆ, ನಾಲ್ಕು ಪಂದ್ಯಗಳಲ್ಲಿ ನಿಧಾನವಾಗುವ ಮನುಷ್ಯ ಉಳಿದ ಹತ್ತರಲ್ಲಿ ಕುದುರೆಯಂತೆ ಓಡುವುದು ಯಾಕೆಂದು ಒಂದು ಸಲವೂ ಕೇಳಿರಲಿಲ್ಲ.

"ಅಪ್ಪಾ, ನಿಂಗ ಗೊತ್ತಿತ್ತೇನು?"

"ಗೊತ್ತಿತ್ತು."

"ನಂಗ್ಯಾಕ ಹೇಳ್ಲಿಲ್ಲ?"

"ನೀ ಕಣ್ಣಿದ್ದಾಕಿ," ಎಂದ ಅಪ್ಪ. "ನಿಂಗ ಕಂಡೈತಿ ಅಂದ್ಕೊಂಡಿದ್ದೆ."

ಎಪ್ಪತ್ತೇಳರ ವಹಿಯನ್ನು ಮತ್ತೆ ಎತ್ತಿಕೊಂಡೆ. ಸೆಪ್ಟೆಂಬರ್ ನಾಲ್ಕರ ಪುಟದಲ್ಲಿ, ನಿಂಬೆಹೋಳಿನ ಸಾಲಿನ ಕೆಳಗೆ, ನನ್ನದೇ ಕೈಬರಹದಲ್ಲಿ ಹೀಗಿತ್ತು: 'ಬಾಳಪ್ಪ ಇಂದು ತನ್ನ ಅಂಚು ಬಿಟ್ಟು ನಡುವಿಗೆ ಬಂದು ಸರದಾರಸಾಬನ ಓಟವನ್ನೂ ತಾನೇ ಓಡಿದ. ಎರಡು ಸಲ ಅವನ ಬೆನ್ನು ತಟ್ಟಿದ. ಪಂದ್ಯ ಮುಗಿದ ಮೇಲೆ ಇಬ್ಬರೂ ಬೇಗ ಹೋದರು, ಸೂರ್ಯ ಮುಳುಗುವುದರೊಳಗೆ ಎಲ್ಲಿಗೋ.'

ಮುಂದಿನ ರವಿವಾರದ ಪುಟದಲ್ಲೂ ಅದೇ. ಮರುವರ್ಷವೂ ಅದೇ.

ಬಾಳಪ್ಪನಿಗೆ ಗೊತ್ತಿತ್ತು. ಮೈದಾನದಲ್ಲಿದ್ದ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ನನ್ನ ಸಾಲಿನ ಅರ್ಥ ಅವನಿಗೆ ತಿಳಿಯದೆ ಹೋಯಿತೆಂದು ನಾನು ಒಂದು ಹಗಲಾದರೂ ನಂಬಿಕೊಂಡಿರಬಹುದಿತ್ತು. ಆ ನಂಬಿಕೆಯನ್ನೂ ನನ್ನ ವಹಿಯೇ ಕಿತ್ತುಕೊಂಡಿತು.

ಶನಿವಾರ ಎಪ್ಪತ್ತೇಳರ ವಹಿ ಚೀಲದಲ್ಲಿಟ್ಟುಕೊಂಡು ಬೆಳಗಾವಿಗೆ ಹೋದೆ. ಟಿಳಕವಾಡಿ ಸ್ಟೇಷನ್ನಿನಿಂದ ನಡೆಯುವಷ್ಟೇ ದೂರ. ಬಾಳಪ್ಪ ಬಾಗಿಲು ತೆಗೆದು, ಕುರ್ಚಿಯನ್ನು ತನ್ನ ಟವೆಲಿನಿಂದ ಒರೆಸಿ, "ಕುಂದರಕ್ಕಾ" ಎಂದ. ನಾನು ನಿಂತೇ ಓದಿದೆ. ಸೆಪ್ಟೆಂಬರ್ ನಾಲ್ಕು, ಸೆಪ್ಟೆಂಬರ್ ಹನ್ನೊಂದು. ಓದಿ ಮುಗಿಯುವವರೆಗೆ ಅವನು ನೆಲ ನೋಡುತ್ತಿದ್ದ.

"ನಿಂಗ ಗೊತ್ತಿತ್ತು, ಬಾಳಪ್ಪ."

"ಗೊತ್ತಿಲ್ದ ಏನಕ್ಕಾ. ಒಂದ ಖೋಲಿಯೊಳಗ ಬೂಟ ಹಾಕ್ಕೋತಿದ್ವಿ. ಅವನ ರೋಜಾ ಬಿಡೂ ಹೊತ್ತಿಗೆ ಅವನ ಗಂಗಾಳದಾಗ ಉಂಡಾಂವ ನಾ."

"ಮತ್ತ?"

"ಮ್ಯಾನೇಜರ ಕರದು, ಮೂರ ಮಂದೀನ ಒಲಿಗೆ ಕೊಡು ಅಂದ. ಒಲಿಗೆ ಆಳ ಸಿಗವಲ್ವು. ಕೊಡ್ಲಿಲ್ಲಂದ್ರ ಬ್ಯಾರೆ ಕೋಚ್ ನೋಡ್ತೀನಂದ. ಸುಮ್ಮ ತೆಗೆದ್ರ ಯೂನಿಯನ್ನಿನವರು ಕೂಗ್ತಾರ, ಕಾರಣ ಬರದು ಕೊಡು ಅಂದ." ಅವನು ತಲೆಯೆತ್ತಿದ. "ನಂಗ ಹಂಗೆಲ್ಲಾ ಬರಿಯಾಕ ಬರಂಗಿಲ್ಲಕ್ಕಾ, ನಿಂಗ ಗೊತ್ತೈತಿ. ನಿನ್ನ ವಹಿಯೊಳಗ ಎಲ್ಲಾ ಬರದಿತ್ತು. ಯಾರ ಹೆಸರಿನ ಮುಂದ ಬರದಿತ್ತೋ ಅವರ್ನ ಕೊಟ್ಟೆ. ನಾ ಒಂದಕ್ಷರ ಸುಳ್ಳ ಸೇರಿಸಿಲ್ಲ."

"ನಿಂಬಿ ಹೋಳು ಕೊಟ್ಟಿದ್ದನ್ನ ಸಲಿಗಿ ಅಂತ ಬರಿಸಿದಾಂವ ಯಾರು?"

ಅವನು ಕೈಯಲ್ಲಿದ್ದ ಟವೆಲನ್ನು ಮಡಿಚಿ ಹೆಗಲಿಗೆ ಹಾಕಿಕೊಂಡ. ಒಳಗಿನಿಂದ ಅವನ ಹೆಂಡತಿ ಸಾವಂತ್ರವ್ವ ಚಹಾ ತಂದಳು. ನಮ್ಮಿಬ್ಬರ ಮುಖ ನೋಡಿ ಬಾಗಿಲಲ್ಲೇ ನಿಂತಳು.

"ನಿನ್ನ ಆಟ ಸೋತದ್ದಕ್ಕ ನಾ ಎರಡು ವರ್ಷ ಸಿಟ್ಟಾಗಿದ್ದೆ," ಎಂದೆ. "ಇನ್ನೂ ಸೋಲು, ಪರವಾ ಇಲ್ಲ ಅನಸ್ತೈತಿ ಈಗ. ನಮ್ಮಪ್ಪ ನಿಂಗ ಚೆಂಡಿಗೆ ಮೇಣ ಹಚ್ಚೋದು ಕಲಿಸಿದ. ನೀ ಆಡೋ ಮನಷ್ಯಾನ್ನ ಒಲಿಗೆ ಒಗದಿ. ಒಗಿಯಾಕ ನನ್ನ ಕೈ ತಗೊಂಡಿ."

"ಕಾಂತಕ್ಕಾ, ನಂಗೂ ಹೊಟ್ಟಿ ಐತಿ."

ಅದೂ ಸುಳ್ಳಲ್ಲ. ಅದನ್ನೇ ನಾನು ಈಗಲೂ ಸಹಿಸಲಾರೆ: ಅವನು ಹೇಳಿದ್ದರಲ್ಲಿ ಯಾವುದೂ ಸುಳ್ಳಿರಲಿಲ್ಲ. ಚಹಾ ಕುಡಿಯದೆ ಹೊರಟೆ. ಹೊರಗೆ ಮಳೆ ಹಿಡಿದಿತ್ತು. ಅವನು ಛತ್ರಿ ಹಿಡಿದು ಓಡಿಬಂದು ಸ್ಟೇಷನ್ನಿನವರೆಗೂ ನನ್ನ ಜೊತೆ ನಡೆದ, ಇಡೀ ಛತ್ರಿ ನನ್ನ ಮೇಲೆ, ತಾನು ಪೂರ್ತಿ ತೋಯಿಸಿಕೊಂಡು. ಬೇಡವೆಂದರೂ ಕೇಳಲಿಲ್ಲ. ರೈಲಿನ ಕಿಟಕಿಯಿಂದ ಆ ವರ್ಷದ ವಹಿಯನ್ನು ಹಿಂದಕ್ಕೆ ಕೊಟ್ಟ. ಅಂಗಿಯ ಒಳಗೆ ಇಟ್ಟುಕೊಂಡು ಬಂದಿದ್ದ, ಅದೊಂದೇ ಒಣಗಿತ್ತು. ಒಳ್ಳೆಯತನ ಅವನಲ್ಲಿ ಇಲ್ಲದೆ ಇದ್ದಿದ್ದರೆ ನನ್ನ ದುಃಖ ಸಣ್ಣದಾಗುತ್ತಿತ್ತು.

ಮ್ಯಾನೇಜರರಿಗೆ ಎರಡು ಪತ್ರ ಬರೆದೆ, ಹಳೆಯ ವಹಿಗಳಿಂದ ಸರದಾರಸಾಬನ ಒಳ್ಳೆಯ ಪಂದ್ಯಗಳನ್ನೆಲ್ಲ ಇಳಿಸಿ. ಉತ್ತರ ಬರಲಿಲ್ಲ. ಡಿಸೆಂಬರಿನಲ್ಲಿ, ಕೆಳಗಿನ ವಿಭಾಗದಲ್ಲಿ ಆಡುವ ತಂಡ ಕಾರ್ಖಾನೆಗೆ ಬೇಕಿಲ್ಲವೆಂದು ತಂಡವನ್ನೇ ಮುಚ್ಚಿದರು. ಹದಿನಾರು ಮಂದಿಯಲ್ಲಿ ಉಳಿದವರೂ ಒಲೆಗೆ, ಮಣ್ಣಿಗೆ ಹಂಚಿಹೋದರು. ಬಾಳಪ್ಪನಿಗೂ ಕೆಲಸ ಉಳಿಯಲಿಲ್ಲ. ಹಿಂಡಲಗಾ ಕಡೆ ಯಾವುದೋ ಶಾಲೆಯಲ್ಲಿ ಆಟದ ಮಾಸ್ತರನಾದನೆಂದು ಸಿದ್ದಪ್ಪ ಹೇಳಿದರು. ಆ ಶನಿವಾರ ರೂಢಿಯಂತೆ ನಾನು ಬಚ್ಚಲ ಒಲೆಯ ಮುಂದೆ ಮೇಣದ ಬಟ್ಟಲು ಹಿಡಿದು ಕೂತಾಗ ಅಪ್ಪ, "ಬಿಡವಾ, ಇನ್ನ ಮೇಣ ಹಚ್ಚಬ್ಯಾಡ," ಎಂದ.

ಸರದಾರಸಾಬನನ್ನು ನೋಡಲು ನನಗೆ ಹತ್ತು ತಿಂಗಳು ಬೇಕಾಯಿತು. ಬೀದಿಯಲ್ಲಿ ದೂರದಿಂದ ಕಂಡರೆ ಬೇರೆ ಓಣಿ ಹಿಡಿಯುತ್ತಿದ್ದೆ. ಎಂಬತ್ತೆರಡರ ಜುಲೈನಲ್ಲಿ, ಮತ್ತೆ ರಮಜಾನ್ ಬಂದಾಗ, ಇನ್ನೂ ತಡಮಾಡಿದರೆ ಆಗದೆನಿಸಿ ಒಂದು ಸಂಜೆ ಎರಡು ವಹಿ ಹಿಡಿದು ಕಾರ್ಖಾನೆಗೆ ಹೋದೆ. ಅಪ್ಪನ ಹೆಸರು ಹೇಳಿದ್ದಕ್ಕೆ ಗೇಟಿನವನು ಬಿಟ್ಟ.

ಮಳೆ ಬೀಳುತ್ತಿದ್ದರೂ ಒಲೆಯ ಮುಂದೆ ನಿಲ್ಲಲಾಗದ ಶಾಖ. ಸರದಾರಸಾಬ ಬರಿಮೈಯಲ್ಲಿ, ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಕಟ್ಟಿಗೆ ತುರುಕುತ್ತಿದ್ದ. ತೆಳ್ಳಗಾಗಿದ್ದ. ನನ್ನನ್ನು ಕಂಡು ಅಂಗಿ ತೊಟ್ಟುಕೊಂಡು, ಶಾಖ ತಾಗದ ಕಡೆ ಒಂದು ಕಟ್ಟಿಗೆ ದಿಂಡು ಉರುಳಿಸಿಕೊಟ್ಟ.

"ಕುಂದರ್ರಿ ಅಕ್ಕೋರ."

"ಸರದಾರಸಾಬ, ನಾ ಬರದದ್ದು ಒಲಿಗೆ ಕಳಸಾಕಲ್ಲ. ಕಣ್ಣಿಲ್ಲದ ನಮ್ಮಪ್ಪಗ ಅಂತ ಬರದಿದ್ದೆ. ಇದರಾಗ ನಿಮ್ಮ ಬಗ್ಗೆ ಬ್ಯಾರೆ ಎಷ್ಟೋ ಬರದೀನಿ, ಕೇಳ್ರಿ." ವಹಿ ತೆರೆದೆ.

"ಓದಬ್ಯಾಡ್ರಿ," ಎಂದ ಅವನು. ಒಂದು ದಿಂಡು ಒಳಗೆ ತಳ್ಳಿ, ಭಟ್ಟಿಯ ಬಾಯಿ ಮುಚ್ಚಿದ. "ನೀವು ಬರದದ್ದು ಖರೇನ ಐತಿ. ನಾ ನಿಧಾನ ಇದ್ದೆ. ಆದ್ರ ಯಾಕ ಅಂತ ಒಂದ ದಿನಾ ಕೇಳಬೇಕಿತ್ರಿ ನೀವು. ಇಷ್ಟ ವರ್ಷ ಬಾಜುಕ ಕುಂತ ನೋಡಿದ್ರಿ."

"ಕೇಳಬೇಕಿತ್ತು."

"ಬಾಳ್ಯಾನೂ ಒಂದ ಮಾತ ನನಗ ಬಂದು ಹೇಳಬೇಕಿತ್ತು. 'ಸರದಾರ, ಮೂರ ಮಂದಿ ಕೇಳ್ಯಾರ, ನೀ ಹೋಗ್ತಿಯೇನು' ಅಂದಿದ್ರ ನಾನ ಹೋಗ್ತಿದ್ದೆ. ಗೇಟಿನ ಮ್ಯಾಲೆ ಓದಿ ತಿಳಕೊಂಡೆ." ಅವನು ಕೆಮ್ಮಿದ. ಆ ಕೆಮ್ಮು ಕೇಳಿ ನಾನು ವಹಿ ಮುಚ್ಚಿದೆ. "ಅವನ ಅಂಗಿ ತೊಟ್ಟು ಆಡೀನಿ ನಾ. ಈ ಒಂದ ನೋವು ಅಷ್ಟ ಒಯ್ತೀನಿ ಮನಿಗೆ, ದಿನಾ."

ಹೇಳಬೇಕೆಂದು ತಂದದ್ದೆಲ್ಲ ವಹಿಯಲ್ಲಿತ್ತು, ಅದು ಅವನಿಗೆ ಬೇಕಿರಲಿಲ್ಲ. ಸೂರಿನಿಂದ ನೀರು ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಊರ ಕಡೆಯಿಂದ ಮಸೀದಿಯ ಕೂಗು ಮಳೆಯಲ್ಲಿ ನೆನೆದುಕೊಂಡು ಬಂತು. ಅವನು ಕೈ ತೊಳೆದುಕೊಂಡು, ಒಂದು ಖರ್ಜೂರ ಬಾಯಿಗಿಟ್ಟು, ತಂಬಿಗೆಯ ನೀರನ್ನು ಕಣ್ಣು ಮುಚ್ಚಿ ನಿಧಾನವಾಗಿ ಕುಡಿದ. ಬೆಳಗಿನಿಂದ ಆ ಬೆಂಕಿಯ ಮುಂದೆ ನಿಂತ ಮನುಷ್ಯ ಅಷ್ಟು ನಿಧಾನವಾಗಿ ನೀರು ಕುಡಿಯಬಲ್ಲನೆಂದು ನನಗೆ ಗೊತ್ತಿರಲಿಲ್ಲ.

ನಾನು ಎದ್ದೆ. ಅವನು ಕೈ ಸನ್ನೆಯಿಂದ ಕೂರಿಸಿದ.

ಬೀಬಿಜಾನ ಕಳಿಸಿದ ಡಬ್ಬಿಯಲ್ಲಿ ಒಂದರ ಮೇಲೊಂದು ಎರಡು ಬಟ್ಟಲು. ಮೇಲಿನದನ್ನು ತೆರೆದು, ಮೂಸಿ, ಮಾಂಸದ್ದೆಂದು ಮುಚ್ಚಿ ತನ್ನ ಬಾಜು ದೂರ ಸರಿಸಿದ. ಕೆಳಗಿನದರಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಒಂದಿಷ್ಟು ಶೇಂಗಾ ಚಟ್ನಿ ಇತ್ತು. ಸುಟ್ಟು ತಣಿದ ಹೆಂಚುಗಳ ರಾಶಿಯಿಂದ ಒಂದನ್ನು ಆರಿಸಿ, ಒಡಕಿದೆಯೇ ಎಂದು ಬೆರಳಿನಿಂದ ಬಾರಿಸಿ ನೋಡಿ, ಸೂರಿನ ನೀರಿಗೆ ಹಿಡಿದು ತೊಳೆದು, ತನ್ನ ಅಂಗಿಯ ತುದಿಯಿಂದ ಒರೆಸಿದ. ಅದರ ಮೇಲೆ ಎರಡು ರೊಟ್ಟಿಯಲ್ಲಿ ಒಂದನ್ನು ಇಟ್ಟ, ಪಲ್ಯದಲ್ಲಿ ಅರ್ಧ ಹಾಕಿದ. ಗಿಳಿಯ ಮುದ್ರೆಯಿದ್ದ ತುದಿಯನ್ನು ತನ್ನ ಕಡೆ ತಿರುಗಿಸಿಕೊಂಡು, ಎರಡೂ ಕೈಯಿಂದ ನನ್ನ ಮುಂದೆ ಹಿಡಿದ.